ಒಂದೇ ಚುಕ್ಕಿ

ಬಲೆ ಕಟ್ಟಿಟ್ಟ ಎರಡು ತಿಂಗಳು
ಬೈತಖೋಲದಲ್ಲಿ ಯಾರ ಫಿಶ್‌ಫೈಂಡರೂ ಕೆಡುವುದಿಲ್ಲ.
ಬೋಟುಗಳು ಒಂದರ ಸೊಂಟಕ್ಕೊಂದು ಆತು ನಿಂತು
ಹಗ್ಗ ಕಿರುಗುಟ್ಟಿಸುತ್ತವೆ, ಅಷ್ಟೇ.
ನನ್ನ ಗೂಡಂಗಡಿಯ ಸೋಲ್ಡರಿಂಗ್ ಕಡ್ಡಿ
ಸುಮ್ಮನೆ ಕಾದು ಸುಮ್ಮನೆ ಆರುತ್ತದೆ.

ಶುರುವಾದದ್ದು ಆಗ.
ಸತ್ತ ಎರಡು ಹಾರ್ಡ್‌ಡಿಸ್ಕುಗಳ ಎದೆ ಬಗೆದು
ಅಯಸ್ಕಾಂತ ತೆಗೆದೆ, ಸುರುಳಿ ತೆಗೆದೆ.
ಮುರಿದ ಐಸ್‌ಪೆಟ್ಟಿಗೆಯ ತಗಡು ಬಗ್ಗಿಸಿ ಗೂಡು ಮಾಡಿದೆ.
ಝೆರಾಕ್ಸ್ ಅಂಗಡಿಯ ಪಾವಸ್ಕರ
ಹಾಳು ಯಂತ್ರದ ಹೊಟ್ಟೆಯ ಕನ್ನಡಿ ಕೊಟ್ಟು
"ಬೆರಳು ತಾಗಿಸಬೇಡ, ಇದರ ಬೆಳ್ಳಿ ಮುಖಕ್ಕೇ ಇದೆ" ಅಂದ.

ನಾವು ಕುಂಕುಮ ಇಡುವ ಕನ್ನಡಿಗೆ ಬೆಳ್ಳಿ ಬೆನ್ನಿಗೆ.
ಅದರಲ್ಲಿ ಒಂದು ಕಿರಣ ಎರಡಾಗುತ್ತದೆ,
ಗಾಜಿನದೊಂದು, ಬೆಳ್ಳಿಯದೊಂದು,
ಹೆದರಿದವನ ಸಾಕ್ಷಿಯ ಹಾಗೆ.

ಕಿರುಬೆರಳ ಉಗುರಿನಷ್ಟು ಎರಡು ಚೂರು ಕೊಯ್ದೆ.
ಒಂದು ಎಡಬಲ ಆಡುತ್ತದೆ: ಇಲ್ಲ, ಇಲ್ಲ.
ಇನ್ನೊಂದು ಮೇಲೆ ಕೆಳಗೆ: ಹೌದು, ಹೌದು.
ಇವೆರಡರ ಜಗಳದಲ್ಲಿ ಗೆರೆ ಹುಟ್ಟಬೇಕು.

ಐಸ್ ಫ್ಯಾಕ್ಟರಿಯ ಬಿಳಿಗೋಡೆಗೆ ಮೊದಲ ರಾತ್ರಿ
ಚೌಕ ಬರೆ ಅಂದೆ.
ಮೂಲೆಯಲ್ಲಿ ನಿಲ್ಲಲಾರದೆ ಜಾರಿ, ನಾಚಿ, ತಿರುಗಿ ಬಂದು
ದಿಂಬು ಬರೆಯಿತು.

ಗಣಬಾ ತಾಂಡೇಲರ ಮೊಮ್ಮಗಳು ಸ್ವರಾಲಿ,
ಪಾಲಿಟೆಕ್ನಿಕ್ಕಿನವಳು,
ಮೀನಿನ ಕ್ರೇಟು ಕವುಚಿ ಹಾಕಿ ಕೂತಳು.
"ಮಾವಶಿ, ಕನ್ನಡಿಗೂ ಮೈಭಾರ ಇದೆ.
ಮೂಲೆಗೆ ಬಂದಾಗ ಅದೇ ಚುಕ್ಕಿಯನ್ನು ಹತ್ತು ಸಲ ಹೇಳು.
ನಿಲ್ಲೋದಕ್ಕೆ ಹೊತ್ತು ಕೊಡು."
ಹತ್ತು ಸಲ ಹೇಳಿದೆ. ಹದಿನಾಲ್ಕಕ್ಕೆ ಕೇಳಿತು.

ಅವಳ ಹೆಸರನ್ನು ನಾಗರಿಯಲ್ಲಿ ಬರೆಸಿದೆವು.
ತಲೆಗೆರೆಯಿಂದ ಇಳಿಯುವ ಪ್ರತಿ ತಿರುವಿಗೂ
ಮೆಟ್ಟಿಲು ತಪ್ಪಿದವರಂತೆ ಮುಗ್ಗರಿಸಿತು.
ಕನ್ನಡದಲ್ಲಿ ಬರೆಸಿದೆವು.
ಅಯ್ಯೋ, ಏನು ಹೇಳಲಿ,
ಇಳಿತದ ಹೊತ್ತಿಗೆ ಕಾಳಿಯ ಬಾಯಿಂದ ಹೊರಟ ದೋಣಿ!
ಓಲೆ ಸೀಳದಿರಲೆಂದು ದುಂಡಗಾದ ಅಕ್ಷರ ಅಂತ
ಮಾಸ್ತರರು ಹೇಳುತ್ತಿದ್ದರು;
ಮನೆಯಲ್ಲಿ ಕೊಂಕಣಿ ಆಡುವ ನಾನು ಆಗ ನಂಬಿರಲಿಲ್ಲ.

ಒಂದು ಅಕ್ಷರ ಮುಗಿಸಿ ಇನ್ನೊಂದಕ್ಕೆ ಹಾರುವಾಗ
ದೀಪ ಕಣ್ಣು ಮುಚ್ಚಬೇಕು.
ನನ್ನದು ಒಂದು ಗಳಿಗೆ ತಡ.
'ಸ್ವ'ಕ್ಕೆ ಬಾಲ, 'ರಾ'ಕ್ಕೆ ಬಾಲ.
ಕೆಪಾಸಿಟರ್ ಬದಲಿಸಿದೆ. ಉಪ್ಪುಗಾಳಿ ತಂತಿ ತಿಂದಿತು.
ತಂತಿ ಬದಲಿಸಿದೆ.
ಬಾಲ ಗಿಡ್ಡವಾಯಿತು, ಹೋಗಲಿಲ್ಲ.

ಜುಲೈ ಕೊನೆಯ ಒಂದು ಜಿನುಗು ರಾತ್ರಿ
ದುರಾಸೆಗೆ ಪೆಟ್ಟಿಗೆಯನ್ನು ಕಡಲಿಗೆ ತಿರುಗಿಸಿದೆ.
ಗಾಳಿಯಲ್ಲಿ ಕಿರಣ ಕಾಣಲು ಹೊಗೆ ಬೇಕು ಅಂತಾರೆ.
ಮಳೆ ಸಾಕು.
ಒಂದೊಂದು ಹನಿಯೂ ಹಸಿರು ಹೊತ್ತಿ
ಬಂದರಿನ ಮೇಲೆ ಹಾಸು ಬಿಚ್ಚಿದ ಹಾಗೆ.
ಸ್ವರಾಲಿ ಕುಣಿದಳು.

ಗಣಬಾ ಬಂದರು. ಕೊಡೆಯಿಲ್ಲ.
ಪಕ್ಕದಿಂದಲೇ ಒಂದು ಬುಟ್ಟಿ ತಂದು
ಪೆಟ್ಟಿಗೆಯ ಬಾಯಿಗೆ ಮುಚ್ಚಿದರು.
"ಕಡಲಿನಲ್ಲಿ ಹಸಿರು ಅಂದರೆ ಮಾತು ಬಾಯಿ.
ನನ್ನನ್ನು ಬಲಕ್ಕೆ ಬಿಟ್ಟು ಒಳಗೆ ಬಾ ಅಂತ.
ಮೂರು ನಾಡದೋಣಿ ಇನ್ನೂ ಹೊರಗಿವೆ."

ಆ ಮೂರೂ ಬರುವವರೆಗೆ
ನಾವು ಮೂವರು ಕಟ್ಟೆಯ ಮೇಲೆ ನೆನೆದೆವು.
ಎರಡನೆಯದು ಬಹಳ ತಡ ಮಾಡಿತು.
ಮರುದಿನ ಪೆಟ್ಟಿಗೆಯ ಪಡುವಣ ಬದಿಗೆ
ತಗಡು ಹೊಡೆದು ರಿವೆಟ್ ಮಾಡಿದೆ.

ಈಗ ಗೋಡೆಗೆ ಮಾತ್ರ. ಬಂಗಡೆ ಬರೆಯುತ್ತದೆ, ಲಂಗರು,
ಬಾಲವಿರುವ ಹೆಸರುಗಳು.
"ಎಷ್ಟು ದೀಪ ಇಟ್ಟಿದ್ದೀಯಾ?" ಗಣಬಾ ಕೇಳಿದರು.
ಒಂದೇ. ಒಂದೇ ಚುಕ್ಕಿ, ಓಡುತ್ತಿರುತ್ತದೆ.
ಮಿಕ್ಕಿದ್ದನ್ನು ನಿಮ್ಮ ಕಣ್ಣು ಮರೆಯಲು ಒಪ್ಪುವುದಿಲ್ಲ.
ಅವರು ನಂಬಲಿಲ್ಲ.
ಬೆರಳು ಅಗಲಿಸಿ ಕಣ್ಣೆದುರು ಬೀಸಿದರು.
ಬಂಗಡೆ ತುಂಡು ತುಂಡಾಯಿತು.
ಮತ್ತೆ ಬೀಸಿದರು, ಮಗುವಿನ ಹಾಗೆ.

ಆಗಸ್ಟ್ ಒಂದು, ಬೆಳಗಿನ ನಾಲ್ಕು.
ಒಬ್ಬ ಬಾಗಿಲು ಬಡಿದ, ಬಗಲಲ್ಲಿ ಫಿಶ್‌ಫೈಂಡರು:
"ಪರದೆಯ ಗೆರೆ ನಡುಗುತ್ತದೆ ಬಾಯಿ."
ಕಡ್ಡಿ ಕಾಯಲಿಟ್ಟೆ.
"ಎಲ್ಲಿ ನಡುಗುತ್ತದೆ," ಕೇಳಿದೆ,
"ತಿರುವಿನಲ್ಲಾ?"